ವಸಂತದ ತರಕಾರಿ ಮಡಿ, ಹೊಸ ಹವ್ಯಾಸ, ಬಿಡುವಿಲ್ಲದ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಇಳಿದು ಹಗಲು ಉದ್ದವಾಗತೊಡಗಿದ ಕೂಡಲೇ ಎರಡು ಆಸೆಗಳು ಒಟ್ಟಿಗೇ ಚಿಗುರುತ್ತವೆ. ಈ ಸಲವಾದರೂ ನಾಲ್ಕು ತರಕಾರಿ ಗಿಡ ಹಾಕಬೇಕು ಅನ್ನುವುದೊಂದು. ವರ್ಷಗಳಿಂದ ಮುಂದೂಡುತ್ತ ಬಂದ ಚಿತ್ರ ಬಿಡಿಸುವುದನ್ನೋ, ಹೆಣಿಗೆಯನ್ನೋ, ಒಂದು ವಾದ್ಯವನ್ನೋ ಕಲಿಯಬೇಕು ಅನ್ನುವುದು ಇನ್ನೊಂದು. ಅಡುಗೆ, ಮಕ್ಕಳ ಓದು, ಹಿರಿಯರ ಆರೈಕೆ, ಹೊರಗಿನ ದುಡಿಮೆ ಯಾವುವೂ ವಸಂತ ಬಂತೆಂದು ರಜೆ ಕೊಡುವುದಿಲ್ಲ. ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಹೊರಗೆ ಪೂರ್ತಿ ದಿನದ ಕೆಲಸ ಇವುಗಳ ನಡುವೆ ಕೈತೋಟ ನಡೆಸಿಕೊಂಡು ಬಂದಿದ್ದೇನೆ. ನೆಂಟರು, ಗೆಳತಿಯರು, ಜೊತೆಗೆ ಕೆಲಸ ಮಾಡುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ದಿನಕ್ಕೆ ಎಷ್ಟು ಹೊತ್ತು ಕೊಟ್ಟರೆ ತೋಟ ಉಳಿಯುತ್ತದೆ?

1.2 ಮೀಟರ್ ಅಗಲ, 2.4 ಮೀಟರ್ ಉದ್ದದ ಒಂದು ಮಡಿಗೆ ವಾರದಲ್ಲಿ ಆರು ದಿನ ಹದಿನೈದು ನಿಮಿಷ, ಒಂದು ದಿನ ಒಂದು ಗಂಟೆ ಸಾಕು. ಒಟ್ಟು ಎರಡೂವರೆ ಗಂಟೆ. ಆದರೆ ಆ ಎರಡೂವರೆ ಗಂಟೆಯನ್ನು ಗಂಟು ಕಟ್ಟಿ ಭಾನುವಾರಕ್ಕೆ ಇಟ್ಟುಕೊಂಡರೆ ತೋಟ ಉಳಿಯುವುದಿಲ್ಲ. ಬಿತ್ತಿದ ಮಡಿಯ ಮೇಲ್ಮಣ್ಣು ಒಂದು ಮಧ್ಯಾಹ್ನದ ಬಿಸಿಲಿಗೆ ಪೂರ್ತಿ ಒಣಗಿದರೆ ಆಗಷ್ಟೇ ಬಿರಿಯುತ್ತಿದ್ದ ಮೊಳಕೆ ಮಣ್ಣೊಳಗೇ ಸಾಯುತ್ತದೆ. ಭಾನುವಾರ ಎಷ್ಟು ನೀರು ಹೊಯ್ದರೂ ಅದು ಮತ್ತೆ ಏಳುವುದಿಲ್ಲ.

ಆದ್ದರಿಂದ ನಾನು ಕೆಲಸಗಳನ್ನು ಎರಡಾಗಿ ಬೇರ್ಪಡಿಸುತ್ತೇನೆ: ಕಾಯುವ ಕೆಲಸ, ಕಾಯದ ಕೆಲಸ. ಹೊಸದಾಗಿ ಬಿತ್ತಿದ ಕಡೆ ತೇವ ಕಾಪಾಡುವುದು, ನೆಟ್ಟ ಸಸಿಗೆ ಮೊದಲ ವಾರ ನೀರು ಕೊಡುವುದು, ಬೀನ್ಸ್ ಮತ್ತು ಸೌತೆಯನ್ನು ಎಳೆಯದಾಗಿರುವಾಗಲೇ ಕೀಳುವುದು, ಎಲೆಯಡಿ ಹುಳ ಕಂಡ ದಿನವೇ ತೆಗೆಯುವುದು, ಇವು ಕಾಯುವುದಿಲ್ಲ. ಅಂಚು ಸರಿಮಾಡುವುದು, ಹೆಸರಿನ ಪಟ್ಟಿ ನೆಡುವುದು, ಹೊಸ ಮಡಿ ಕಟ್ಟುವುದು, ಕಾಂಪೋಸ್ಟ್ ಮಗುಚುವುದು ಎರಡು ವಾರ ಕಾದರೂ ಏನೂ ಆಗುವುದಿಲ್ಲ. ಸುಸ್ತಾದ ಸಂಜೆಗಳಲ್ಲಿ ಕಾಯದ ಕೆಲಸ ಮುಗಿಸಿ ಒಳಗೆ ಬನ್ನಿ. ಹೆಚ್ಚಿನ ದಿನ ಅದು ಐದೇ ನಿಮಿಷದ ಕೆಲಸ.

ಮೊದಲ ವರ್ಷ ಎಷ್ಟು ಜಾಗದಲ್ಲಿ ಶುರು ಮಾಡಲಿ?

ಮೇಲೆ ಹೇಳಿದ ಒಂದೇ ಮಡಿ. ಅಗಲ 1.2 ಮೀಟರ್ ದಾಟಬಾರದು, ಯಾಕೆಂದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕಬೇಕು, ಮಣ್ಣನ್ನು ತುಳಿಯುವಂತಾಗಬಾರದು. ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೂ ನೀರಿಗೂ ದಾರಿ ಮುಚ್ಚುತ್ತದೆ.

ಮೆಲ್ ಬಾರ್ತಲೊಮ್ಯೂ ಎಂಬ ಅಮೆರಿಕದ ಎಂಜಿನಿಯರ್ ಜನಪ್ರಿಯಗೊಳಿಸಿದ ಚೌಕದ ಪದ್ಧತಿ ಸಂಸಾರಸ್ಥರಿಗೆ ಚೆನ್ನಾಗಿ ಒಗ್ಗುತ್ತದೆ. ಮಡಿಯನ್ನು ಸುಮಾರು 30 ಸೆಂಟಿಮೀಟರ್ ಚೌಕಗಳಾಗಿ ದಾರ ಕಟ್ಟಿ ಭಾಗ ಮಾಡುವುದು, ಒಂದೊಂದು ಚೌಕಕ್ಕೆ ಒಂದೊಂದು ಬೆಳೆ: ಮೂಲಂಗಿ ಅಥವಾ ಕ್ಯಾರೆಟ್ ಆದರೆ 16, ಪಾಲಕ್ ಅಥವಾ ಗಿಡ್ಡ ಬೀನ್ಸ್ ಆದರೆ 9, ಲೆಟಿಸ್ ಆದರೆ 4, ಟೊಮೆಟೊ ಆದರೆ ಒಂದೇ ಒಂದು. ನಮ್ಮ ಮಡಿಯಲ್ಲಿ ಇಂಥ 32 ಚೌಕಗಳು ಬರುತ್ತವೆ. ಇದರ ದೊಡ್ಡ ಉಪಕಾರವೆಂದರೆ ಹದಿನೈದು ನಿಮಿಷಕ್ಕೆ ಸರಿಹೊಂದುವ ಕೆಲಸ ಕಣ್ಣೆದುರೇ ಇರುತ್ತದೆ. ಇವತ್ತು ಎರಡು ಚೌಕ ಬಿತ್ತಿದೆ, ನಾಳೆ ಒಂದು ಚೌಕದ ಕಳೆ ತೆಗೆದೆ, ಅಷ್ಟೇ. ಅರ್ಧಕ್ಕೆ ಬಿಟ್ಟೆನೆಂಬ ಕೊರಗು ಇರುವುದಿಲ್ಲ.

ಮೊದಲ ವರ್ಷ ನಾನು ಹಿತ್ತಲನ್ನೆಲ್ಲ ಅಗೆದು ಹದಿನಾಲ್ಕು ಬಗೆಯ ಬೀಜ ಹಾಕಿದ್ದೆ. ಆರನೇ ವಾರಕ್ಕೆ ಸಸಿ ಯಾವುದು ಕಳೆ ಯಾವುದು ಎಂದು ಗೊತ್ತಾಗದ ಹಾಗೆ ಬೆಳೆದು ನಿಂತಿತು. ಮಕ್ಕಳಿಗೆ ಜ್ವರ ಬಂದ ವಾರ ಅದು. ತೋಟದ ಕಡೆ ನೋಡಲೂ ಬೇಸರವಾಗಿ ಹಿಂಬಾಗಿಲು ಮುಚ್ಚಿಯೇ ಇಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದರಲ್ಲಿ ಹಾಸಿಗೆ ಎಂದರೆ ಜಾಗವಷ್ಟೇ ಅಲ್ಲ, ಬಿಡುವೂ ಹೌದು ಎಂದು ಆಗ ತಿಳಿಯಿತು.

ಇನ್ನೊಂದು ಮಾತು. ಮಡಿಯನ್ನು ನೀವು ದಿನವೂ ಓಡಾಡುವ ದಾರಿಯಲ್ಲಿ ಇಡಿ. ಅಡುಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಯ ಮಡಿಗೆ ಸಿಗುವ ಆರೈಕೆ ಹಿತ್ತಲ ಕೊನೆಯ ಮಡಿಗೆ ಸಿಗುವುದಿಲ್ಲ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು, ಸೊಪ್ಪಿಗೆ ನಾಲ್ಕು ಗಂಟೆಯಾದರೂ ನಡೆಯುತ್ತದೆ. ಬಿಸಿಲು ಚೆನ್ನಾಗಿರುವ ದೂರದ ಜಾಗ, ಬಿಸಿಲು ಸ್ವಲ್ಪ ಕಡಿಮೆಯಾದ ಹತ್ತಿರದ ಜಾಗ ಎರಡೂ ಇದ್ದರೆ ನಾನು ಹತ್ತಿರದ್ದನ್ನೇ ಆರಿಸಿ ಸೊಪ್ಪು ಹಾಕುತ್ತೇನೆ.

ಬಿತ್ತನೆ ಯಾವಾಗ ಶುರು ಮಾಡಬೇಕು?

ಉತ್ತರ ಗೋಳದಲ್ಲಿ ವಸಂತದ ಸಮರಾತ್ರಿ, ಅಂದರೆ ಹಗಲು ಇರುಳು ಹೆಚ್ಚುಕಡಿಮೆ ಸಮನಾಗುವ ದಿನ, ಮಾರ್ಚ್ 20ರ ಆಸುಪಾಸು, ದಕ್ಷಿಣ ಗೋಳದಲ್ಲಿ ಸೆಪ್ಟೆಂಬರ್ 22 ಅಥವಾ 23. ಆದರೆ ಬೀಜ ಕ್ಯಾಲೆಂಡರ್ ನೋಡುವುದಿಲ್ಲ, ಮಣ್ಣಿನ ಬಿಸಿ ನೋಡುತ್ತದೆ. ಬೆಳಗ್ಗೆ ಐದು ಸೆಂಟಿಮೀಟರ್ ಆಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. 5ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಟಾಣಿ, ಪಾಲಕ್, ಲೆಟಿಸ್, ಮೂಲಂಗಿ ಹಾಕಬಹುದು. ಬೀನ್ಸ್‌ಗೆ 15 ದಾಟಬೇಕು. ಸೌತೆ, ಕುಂಬಳಕ್ಕೆ 18, ಬೆಂಡೆಗೆ 20. ತಣ್ಣನೆಯ ಒದ್ದೆ ಮಣ್ಣಿಗೆ ಅವಸರದಲ್ಲಿ ಹಾಕಿದ ಬೀನ್ಸ್ ಬೀಜ ಮೊಳೆಯುವ ಬದಲು ಕೊಳೆಯುತ್ತದೆ. ಎರಡು ವಾರ ತಡವಾಗಿ ಹಾಕಿದ್ದು ಮೊದಲೇ ಹಾಕಿದ್ದನ್ನು ಹಿಂದಿಕ್ಕುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇರುಳಲ್ಲಿ ಮಂಜು ಹೆಪ್ಪುಗಟ್ಟುವ ಊರಾದರೆ ಟೊಮೆಟೊ, ಮೆಣಸು, ಬದನೆ, ಸೌತೆಯನ್ನು ಆ ಭಯ ಕಳೆದ ಮೇಲಷ್ಟೇ ಹೊರಗೆ ನೆಡಿ. ಮಂಜೇ ಕಟ್ಟದ ಬೆಚ್ಚಗಿನ ಊರಾದರೆ ಕಷ್ಟ ಬೇರೆ ಥರ: ವಸಂತ ಬೇಗ ಮುಗಿದು ಬೇಸಿಗೆ ಬರುತ್ತದೆ. ಮಣ್ಣು 30 ಡಿಗ್ರಿಯ ಹತ್ತಿರ ಹೋದರೆ ಲೆಟಿಸ್ ಬೀಜ ಮೊಳೆಯುವುದಿಲ್ಲ, ಪಾಲಕ್ ಹೂದಂಟು ಎತ್ತಿ ಎಲೆ ಕಹಿಯಾಗುತ್ತದೆ. ಅಂಥ ಕಡೆ ಸೊಪ್ಪನ್ನು ಚಳಿಯ ಕೊನೆಗೇ ಮುಗಿಸಿ, ವಸಂತದಲ್ಲಿ ಬೆಂಡೆ, ಸೌತೆ, ಬದನೆಯ ಕಡೆ ತಿರುಗಬೇಕು.

ಬೀಜದಿಂದ ಬೆಳೆಸಲೇ, ಸಸಿ ಕೊಂಡು ತರಲೇ?

ಟೊಮೆಟೊ, ಮೆಣಸು, ಬದನೆಯ ಸಸಿ ಕೊಂಡು ತನ್ನಿ. ಇದರಲ್ಲಿ ಸಂಕೋಚ ಬೇಡ. ಟೊಮೆಟೊ ಬೀಜ ಹಾಕಿ ಹೊರಗೆ ನೆಡುವ ಸಸಿ ಮಾಡಲು ಆರರಿಂದ ಎಂಟು ವಾರ, ಮೆಣಸಿಗೆ ಎಂಟರಿಂದ ಹತ್ತು ವಾರ ಬೇಕು. ಅಷ್ಟೂ ದಿನ ಬೆಳಕು, ನೀರು, ಬಿಸಿ ಮೂರನ್ನೂ ಕಾಯಬೇಕು. ಕಿಟಕಿಯ ಬೆಳಕು ಸಾಲದೆ ಸಸಿ ದಾರದಂತೆ ಉದ್ದವಾಗಿ ಬೀಳುತ್ತದೆ. ದೀಪ ಹಾಕಿದರೆ ದಿನಕ್ಕೆ 14ರಿಂದ 16 ಗಂಟೆ ಹಾಕಬೇಕು. ನೀರು ಸ್ವಲ್ಪ ಹೆಚ್ಚಾದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ತಟ್ಟೆಯೆಲ್ಲ ಮಲಗುತ್ತದೆ. ಬಿಡುವಿಲ್ಲದ ಮನೆಯಲ್ಲಿ ತೋಟದ ಅತಿ ನಾಜೂಕಾದ ಎರಡು ತಿಂಗಳನ್ನು ಬೇರೆಯವರು ನೋಡಿಕೊಂಡರೆ ಒಳ್ಳೆಯದೇ.

ಬೀನ್ಸ್, ಬಟಾಣಿ, ಮೂಲಂಗಿ, ಕ್ಯಾರೆಟ್, ಬೆಂಡೆ, ಸೌತೆ ನೇರ ಮಡಿಗೇ ಬಿತ್ತಿ. ಇವು ಬೇಗ ಏಳುತ್ತವೆ, ಬೇರು ಕದಲಿಸಿದರೆ ಮುನಿಯುತ್ತವೆ. ಕ್ಯಾರೆಟ್ ಮಾತ್ರ ಮೊಳೆಯಲು ಎರಡು ಮೂರು ವಾರ ಹಿಡಿಯುತ್ತದೆ. ಅದೇ ಸಾಲಿನಲ್ಲಿ ಅಲ್ಲಲ್ಲಿ ಮೂಲಂಗಿ ಬೀಜ ಉದುರಿಸಿದರೆ ಅದು ನಾಲ್ಕೈದು ದಿನಕ್ಕೇ ಎದ್ದು ಸಾಲು ಎಲ್ಲಿದೆಯೆಂದು ತೋರಿಸುತ್ತದೆ.

ಒಳಗೆ ಬೆಳೆದ ಸಸಿಯನ್ನು ಹೊರಗಿನ ಗಾಳಿ ಬಿಸಿಲಿಗೆ ಪಳಗಿಸಲು ಏಳರಿಂದ ಹತ್ತು ದಿನ ಕೊಡಿ. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನದಿಂದ ದಿನಕ್ಕೆ ಹೆಚ್ಚು. ಕೆಲಸಕ್ಕೆ ಹೋಗುವವರು ಇದನ್ನು ರಜಾದಿನದಲ್ಲಿ ಶುರು ಮಾಡಬೇಕು. ಬೆಳಗ್ಗೆ ಹೊರಗಿಟ್ಟು ಸಂಜೆ ಬಂದು ನೋಡುವ ಹೊತ್ತಿಗೆ ಎಲೆಯೆಲ್ಲ ಬೆಳ್ಳಗೆ ಸುಟ್ಟಿರುತ್ತದೆ.

ಹೋದ ವರ್ಷದ ಬೀಜ ಉಳಿದಿದೆ, ಬಳಸಬಹುದೇ?

ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಡಿ. ಏಳೆಂಟು ಮೊಳೆತರೆ ಧಾರಾಳವಾಗಿ ಬಿತ್ತಿ, ನಾಲ್ಕೈದಾದರೆ ಒತ್ತಾಗಿ ಬಿತ್ತಿ, ಅದಕ್ಕೂ ಕಡಿಮೆಯಾದರೆ ಬಿಡಿ. ಈರುಳ್ಳಿ ಬೀಜ ಒಂದು ವರ್ಷಕ್ಕೇ ಸೊರಗುತ್ತದೆ. ಟೊಮೆಟೊ, ಸೌತೆ ಬೀಜ ಒಣಗಿದ ತಂಪು ಜಾಗದಲ್ಲಿ ನಾಲ್ಕೈದು ವರ್ಷ ತಾಳುತ್ತದೆ.

ತೀರಾ ಕಡಿಮೆ ಬಿಡುವಿರುವವರು ಯಾವ ತರಕಾರಿ ಹಾಕಬೇಕು?

ಮೂಲಂಗಿ 25ರಿಂದ 30 ದಿನ. ಎಲೆಗೆಂದು ಬೆಳೆಸುವ ಲೆಟಿಸ್ 30ರಿಂದ 45 ದಿನ. ಹೊರ ಎಲೆ ಮುರಿದುಕೊಂಡರೆ ಅದೇ ಗಿಡ ಮತ್ತೆ ಮತ್ತೆ ಕೊಡುತ್ತದೆ. ಗಿಡ್ಡ ಬೀನ್ಸ್ 50ರಿಂದ 60 ದಿನ, ಆಸರೆಯೂ ಬೇಡ. ಜುಕಿನಿ (ಎಳೆಯದಾಗಿ ತಿನ್ನುವ ಕುಂಬಳದ ಜಾತಿ) ಸುಮಾರು 50 ದಿನ, ಒಂದು ಮನೆಗೆ ಒಂದೇ ಗಿಡ ಸಾಕು, ಎರಡನೆಯದು ನೆಂಟರಿಗೆ. ಟೊಮೆಟೊ ನೆಟ್ಟ ಮೇಲೆ ಎರಡರಿಂದ ಮೂರು ತಿಂಗಳು. ಕಟ್ಟುವ, ಕುಡಿ ಚಿವುಟುವ ಕೆಲಸವೂ ಉಂಟು. ಆದರೂ ಅದನ್ನು ಬಿಡಿ ಎನ್ನಲಾರೆ. ಗಿಡದಲ್ಲೇ ಕೆಂಪಾದ ಟೊಮೆಟೊವನ್ನು ಮಗು ಕಿತ್ತು ಅಲ್ಲೇ ಕಚ್ಚುವುದನ್ನು ನೋಡುವುದಕ್ಕಾದರೂ ಎರಡು ಗಿಡ ಇರಲಿ.

ಹೂಕೋಸು, ಸೆಲರಿ ಮೊದಲ ವರ್ಷ ಬೇಡ. ಬಿಸಿ ಹೆಚ್ಚಾದರೂ ನೀರು ತಪ್ಪಿದರೂ ಅವು ಕೆಡುತ್ತವೆ. ಎಲ್ಲಕ್ಕಿಂತ ಮೊದಲು, ಮನೆಯವರು ತಿನ್ನದ ತರಕಾರಿಯನ್ನು ಬೆಳೆಯಬೇಡಿ.

ನೀರು ಹಾಕುವುದೇ ನನಗೆ ಭಾರ. ಏನು ಮಾಡಲಿ?

ತೋಟ ಕೈಬಿಟ್ಟವರಲ್ಲಿ ಹೆಚ್ಚಿನವರು ಸೋತದ್ದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೇರೂರಿದ ಮಡಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು, ಮಳೆಯೂ ಸೇರಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನಮ್ಮ ಮಡಿ ಮೂರು ಚದರ ಮೀಟರಿಗೆ ಸ್ವಲ್ಪ ಕಡಿಮೆ, ಹಾಗಾಗಿ ವಾರಕ್ಕೆ 70 ಲೀಟರ್ ಚಿಲ್ಲರೆ. ಹತ್ತು ಲೀಟರಿನ ಬಕೆಟ್‌ನಲ್ಲಿ ಏಳು. ದಿನಕ್ಕೊಂದು ಬಕೆಟ್ ಎರಚುವ ಬದಲು ಇದನ್ನು ವಾರಕ್ಕೆ ಎರಡು ಸಲ ಮಾಡಿ, ಮೂರು ಮೂರೂವರೆ ಬಕೆಟ್ ಬುಡಕ್ಕೇ ನಿಧಾನವಾಗಿ ಕೊಡಿ. ಮೇಲೆ ಮೇಲೆ ದಿನವೂ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ. ಆಳಕ್ಕೆ ಇಳಿದ ನೀರು ಬೇರನ್ನೂ ಆಳಕ್ಕೆ ಎಳೆಯುತ್ತದೆ. ಅಂಥ ಗಿಡ ನಿಮ್ಮ ಮರೆವನ್ನು ತಾಳಿಕೊಳ್ಳುತ್ತದೆ. ಮರಳು ಮಣ್ಣಾದರೆ ಎರಡರ ಬದಲು ಮೂರು ಸಲ, ಬಿಸಿಲು ಉರಿಯುವ ವಾರ ಇನ್ನೂ ಸ್ವಲ್ಪ ಹೆಚ್ಚು.

ಬೇಕೋ ಬೇಡವೋ ತಿಳಿಯಲು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿ ತಣ್ಣಗೆ ಹದವಿದ್ದರೆ ಇವತ್ತು ಬೇಡ. ಮಧ್ಯಾಹ್ನ ಎಲೆ ಜೋತಿದ್ದನ್ನು ನೋಡಿ ಗಾಬರಿಯಾಗಬೇಡಿ, ಸಂಜೆಗೆ ಎದ್ದರೆ ಅದು ಬಿಸಿಲಿನ ಆಯಾಸ. ಬೆಳಗ್ಗೆಯೂ ಜೋತಿದ್ದರೆ ಬಾಯಾರಿದೆ ಎಂದರ್ಥ.

ಮಣ್ಣಿನ ಮೇಲೆ ಒಣಹುಲ್ಲನ್ನೋ ಒಣಗಿದ ಎಲೆಯನ್ನೋ ಐದರಿಂದ ಎಂಟು ಸೆಂಟಿಮೀಟರ್ ದಪ್ಪ ಹೊದಿಸಿ. ನೀರು ಆವಿಯಾಗುವುದು ಕಡಿಮೆಯಾಗುತ್ತದೆ, ಕಳೆ ಬೆಳಕು ಕಾಣದೆ ಸಾಯುತ್ತದೆ. ಮಣ್ಣು ಬೆಚ್ಚಗಾದ ಮೇಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ನನ್ನ ಮಟ್ಟಿಗೆ ಬಿಡುವಿಲ್ಲದವರು ಮಾಡಬಹುದಾದ ಒಂದೇ ಕೆಲಸವನ್ನು ಆರಿಸು ಎಂದರೆ ಇದನ್ನೇ ಆರಿಸುತ್ತೇನೆ.

ಮತ್ತೊಂದು ಹಳೆಯ ಉಪಾಯವಿದೆ: ಗಿಡಗಳ ನಡುವೆ ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಡುವುದು. ಮೆರುಗು ಹಚ್ಚದ ಮಡಕೆಯ ಸಣ್ಣ ರಂಧ್ರಗಳಿಂದ, ಮಣ್ಣು ಒಣಗಿದಷ್ಟೇ ನೀರು ಜಿನುಗುತ್ತದೆ. ಕ್ರಿಸ್ತಪೂರ್ವ 1ನೇ ಶತಮಾನದಲ್ಲೇ ಚೀನಾದ ಫಾನ್ ಶೆಂಗ್‌ಝಿ ಇದನ್ನು ಕೃಷಿಯ ಬರಹದಲ್ಲಿ ವಿವರಿಸಿದ್ದಾನೆ. ಎರಡು ಸಾವಿರ ವರ್ಷದ ಹಿಂದಿನ ರೈತನಿಗೂ ಬಿಡುವಿನ ಚಿಂತೆ ಇತ್ತೆಂದು ನೆನೆದರೆ ನನಗೆ ಒಂದು ಬಗೆಯ ಧೈರ್ಯ ಬರುತ್ತದೆ. ಹನಿ ನೀರಾವರಿಯ ಪೈಪು, ಟೈಮರ್ ಹಾಕುವ ಅನುಕೂಲವಿದ್ದರೆ ಅದೂ ಒಳ್ಳೆಯದು. ವಾರಕ್ಕೊಮ್ಮೆ ತೂತು ಕಟ್ಟಿದೆಯೇ ಎಂದು ಮಾತ್ರ ನೋಡಬೇಕು.

ಕಳೆ ತೆಗೆಯಲು ಬಿಡುವೇ ಆಗುವುದಿಲ್ಲ.

ಕಳೆ ಎರಡೆಲೆಯಲ್ಲಿದ್ದಾಗ ಒಣ ಬಿಸಿಲಿನ ದಿನ ಮೇಲ್ಮಣ್ಣನ್ನು ಕುರ್ಪಿಯಲ್ಲಿ ಕೆರೆದರೆ ಸಾಕು, ಅಲ್ಲೇ ಒಣಗುತ್ತದೆ. ಐದು ನಿಮಿಷ. ಅದೇ ಕಳೆ ಮೊಣಕಾಲೆತ್ತರ ಬಂದರೆ ಒಂದು ಇಡೀ ಬೆಳಗ್ಗೆ ಬೇಕು. ಮನೆಯಲ್ಲಿ ಏನೇ ಇರಲಿ, ಬೀಜ ಕಟ್ಟುವ ಮೊದಲು ಹೂವನ್ನಾದರೂ ಚಿವುಟಿ ಹಾಕಿ.

ಮಕ್ಕಳನ್ನು ತೋಟಕ್ಕೆ ಸೇರಿಸಿಕೊಂಡರೆ ಕೆಲಸ ಹೆಚ್ಚಾಗುವುದಿಲ್ಲವೇ?

ಮೊದಲ ವರ್ಷ ಹೆಚ್ಚಾಗುತ್ತದೆ. ಅದನ್ನು ಒಪ್ಪಿಕೊಂಡೇ ಶುರು ಮಾಡಿ. ಮಗು ಜೊತೆಗಿರುವ ಅರ್ಧ ಗಂಟೆಯನ್ನು ತೋಟದ ಲೆಕ್ಕಕ್ಕೆ ಬರೆಯಬೇಡಿ, ಮಗುವಿನ ಲೆಕ್ಕಕ್ಕೆ ಬರೆಯಿರಿ. ಆಗ ಸಾಲು ಡೊಂಕಾದರೂ, ಒಂದೇ ಕುಳಿಗೆ ಆರು ಬೀಜ ಬಿದ್ದರೂ ಸಿಟ್ಟು ಬರುವುದಿಲ್ಲ.

ಮೂರರಿಂದ ಐದು ವರ್ಷದವರಿಗೆ ದೊಡ್ಡ ಬೀಜ ಕೊಡಿ: ಬೀನ್ಸ್, ಬಟಾಣಿ, ಸೂರ್ಯಕಾಂತಿ. ಪುಟ್ಟ ಬೆರಳಿನಿಂದ ಕುಳಿ ಮಾಡಿ ಹಾಕುವುದು ಅವರಿಗೆ ಸಲೀಸು. ಮೂಲಂಗಿಯೂ ಇರಲಿ, ಒಂದು ತಿಂಗಳಿಗಿಂತ ಹೆಚ್ಚು ಕಾಯುವುದು ಅವರಿಗೆ ಕಷ್ಟ. ಆರರಿಂದ ಹತ್ತರವರಿಗೆ ಒಂದು ಚೌಕವನ್ನು ಅವರದೇ ಎಂದು ಬಿಟ್ಟುಕೊಡಿ. ಅಲ್ಲಿ ಏನು ಹಾಕಬೇಕು, ಯಾವಾಗ ಕೀಳಬೇಕು ಎಂಬುದು ಅವರ ತೀರ್ಮಾನ. ನನ್ನ ಮಗಳು ತನ್ನ ಚೌಕದ ಕ್ಯಾರೆಟ್ಟನ್ನು ದಿನಕ್ಕೊಂದು ಕಿತ್ತು ಎಷ್ಟಾಗಿದೆ ಎಂದು ನೋಡಿ ಮತ್ತೆ ಹೂಳುತ್ತಿದ್ದಳು. ನಾನು ತಡೆಯಲಿಲ್ಲ. ಹದಿನಾರರಲ್ಲಿ ಐದು ಉಳಿದವು. ಮರುವರ್ಷ ಅವಳೇ ತಮ್ಮನಿಗೆ ‘ಕೀಳಬೇಡ, ಮಣ್ಣು ಸ್ವಲ್ಪ ಸರಿಸಿ ಗಡ್ಡೆಯ ಭುಜ ನೋಡು’ ಎಂದು ತೋರಿಸಿಕೊಟ್ಟಳು. ಹದಿಹರೆಯದವರನ್ನು ಕಳೆ ಕೀಳಲು ಕರೆದರೆ ಬರುವುದಿಲ್ಲ. ಟೊಮೆಟೊಗೆ ಆಸರೆ ಕಟ್ಟಿಕೊಡು, ಪೈಪು ಜೋಡಿಸಿಕೊಡು ಎಂದರೆ ಬರುತ್ತಾರೆ. ಮಾಡಿ ಮುಗಿಸಿದ್ದು ಕಣ್ಣಿಗೆ ಕಾಣುವ ಕೆಲಸ ಅವರಿಗೆ ಇಷ್ಟ.

ಎಚ್ಚರಿಕೆಯ ಮಾತುಗಳು ಕೆಲವು. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪಿಸಿರಬಹುದು, ಮಕ್ಕಳ ಕೈಗೆ ಕೊಡಬೇಡಿ. ಟೊಮೆಟೊ, ಆಲೂಗಡ್ಡೆಯ ಎಲೆ ಕಾಂಡ, ಹಸಿರಾದ ಆಲೂಗಡ್ಡೆ ತಿನ್ನಬಾರದೆಂದು ಹೇಳಿಕೊಡಿ. ನೀರು ತುಂಬಿದ ಬಕೆಟ್ ಪಕ್ಕ ಪುಟ್ಟ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ, ಹಾಗಾಗಿ ಮನೆಯವರೆಲ್ಲರ ಲಸಿಕೆಯ ಅವಧಿ ನೋಡಿಕೊಳ್ಳಿ. ಒಳಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯುವುದು ಎಲ್ಲರಿಗೂ ಸೇರಿದ್ದು.

ಮನೆಯವರಿಗೆ ತೋಟದಲ್ಲಿ ಆಸಕ್ತಿಯೇ ಇಲ್ಲ. ಹೇಗೆ ಒಪ್ಪಿಸಲಿ?

ಒಪ್ಪಿಸಲು ಹೋಗಬೇಡಿ. ಆಸಕ್ತಿಯನ್ನು ಬೇಡಿದರೆ ಇಬ್ಬರಿಗೂ ಮುಜುಗರ. ಹೊತ್ತನ್ನು ಕೇಳಿ, ಅದನ್ನು ಕೊಡುವುದು ಸುಲಭ. ‘ಮಂಗಳವಾರ, ಶುಕ್ರವಾರ ಸಂಜೆ ಅರ್ಧ ಗಂಟೆ ಮಕ್ಕಳನ್ನು ನೀವು ನೋಡಿಕೊಳ್ಳಿ, ನಾನು ಹಿತ್ತಲಲ್ಲಿರುತ್ತೇನೆ’ ಎಂದು ನಾನು ನಮ್ಮ ಯಜಮಾನರಿಗೆ ಹೇಳಿದೆ. ಅಷ್ಟೇ ಹೊತ್ತನ್ನು ಬುಧವಾರ, ಶನಿವಾರ ಅವರ ಓಟಕ್ಕೆ ಬಿಟ್ಟುಕೊಟ್ಟೆ. ಅವರು ಇವತ್ತಿಗೂ ಒಂದು ಕಳೆ ಕಿತ್ತವರಲ್ಲ. ಆದರೆ ಆ ಎರಡು ಅರ್ಧ ಗಂಟೆಗಳು ಒಂದು ವಾರವೂ ತಪ್ಪಿಲ್ಲ. ನನ್ನ ತೋಟ ನಿಂತಿರುವುದು ಅದರ ಮೇಲೆ.

ಅದೇ ವಸಂತದಲ್ಲಿ ಹೊಸ ಹವ್ಯಾಸವನ್ನೂ ಶುರು ಮಾಡಬಹುದೇ?

ಮಾಡಬಹುದು, ಆದರೆ ಎರಡನ್ನೂ ಒಂದೇ ವಾರ ಬೇಡ. ತರಕಾರಿ ಮಡಿಯ ಕೆಲಸ ಸಮವಾಗಿ ಹರಡಿರುವುದಿಲ್ಲ. ಮಣ್ಣು ಹದ ಮಾಡಿ, ಬಿತ್ತಿ, ನೆಟ್ಟು, ಹೊದಿಸುವ ಮೊದಲ ನಾಲ್ಕೈದು ವಾರ ಒತ್ತಡ. ಆಮೇಲೆ ಗಿಡ ತಾನೇ ಬೆಳೆಯುವ ಒಂದು ತಿಂಗಳು ನೀರು, ಕಣ್ಣೋಟ ಎರಡೇ. ಕೊಯ್ಲಿನಲ್ಲಿ ಮತ್ತೆ ಕೆಲಸ. ನಡುವಿನ ಆ ತಿಂಗಳೇ ಹೊಸ ಹವ್ಯಾಸಕ್ಕೆ ಬಾಗಿಲು. ಬಿತ್ತನೆಯ ಹುರುಪಿನಲ್ಲಿ ವಾದ್ಯವನ್ನೂ ಬಣ್ಣವನ್ನೂ ಒಟ್ಟಿಗೆ ತಂದವರು ಆ ಬಿಡುವಿನ ತಿಂಗಳು ಬರುವ ಹೊತ್ತಿಗೆ ಎರಡರಲ್ಲೂ ದಣಿದಿರುತ್ತಾರೆ.

ಹವ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಲದು ಎಂದುಕೊಳ್ಳಬೇಡಿ. ಒಮ್ಮೆಗೇ ಗುಡ್ಡೆ ಹಾಕಿ ಕಲಿತದ್ದಕ್ಕಿಂತ ಬಿಡಿಬಿಡಿಯಾಗಿ ದಿನಗಳ ಮೇಲೆ ಹರಡಿ ಕಲಿತದ್ದು ಹೆಚ್ಚು ಉಳಿಯುತ್ತದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಇದನ್ನು ತೋರಿಸಿದ. ಆಮೇಲಿನ ಸಂಶೋಧನೆಗಳೂ ಅದನ್ನೇ ಹೇಳಿವೆ. ಭಾನುವಾರದ ಎರಡು ಗಂಟೆಗಿಂತ ದಿನದ ಹದಿನೈದು ನಿಮಿಷ ಇಲ್ಲಿಯೂ ಮೇಲು.

ಅಭ್ಯಾಸವಾಗಲು ಎಷ್ಟು ದಿನ ಎಂದು ಕೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸುಮಾರು 66 ದಿನ. ಒಬ್ಬೊಬ್ಬರಿಗೂ ಬೇರೆ ಬೇರೆ, 18ರಿಂದ ಹಿಡಿದು, ಲೆಕ್ಕದ ಅಂದಾಜಿನಲ್ಲಿ, 254 ದಿನದವರೆಗೆ. 66 ದಿನವೆಂದರೆ ಸುಮಾರು ಒಂದು ಬೀನ್ಸ್ ಬೆಳೆಯ ಕಾಲ. ಅದೇ ಅಧ್ಯಯನದಲ್ಲಿ ನನಗೆ ಹೆಚ್ಚು ಬೇಕಾದ ಇನ್ನೊಂದು ಮಾತಿತ್ತು: ಒಂದು ದಿನ ತಪ್ಪಿದರೆ ಅಭ್ಯಾಸ ಮುರಿದು ಬೀಳುವುದಿಲ್ಲ. ಮಗುವಿಗೆ ಹುಷಾರಿಲ್ಲದೆ ಎರಡು ದಿನ ಪೆನ್ಸಿಲ್ ಮುಟ್ಟದ ಮೇಲೆ ಮೂರನೇ ದಿನ ಮತ್ತೆ ಕೂರಲು ನನಗೆ ಆ ಒಂದು ಮಾತು ಬಹಳ ಆಸರೆಯಾಗಿದೆ.

ತೋಟದ ಜೊತೆ ಯಾವ ಹವ್ಯಾಸ ಹೊಂದುತ್ತದೆ?

ಅರ್ಧದಲ್ಲಿ ಇಟ್ಟು ಎದ್ದು ಹೋಗಬಹುದಾದದ್ದು. ಹೆಣಿಗೆ, ಕಸೂತಿ, ಪೆನ್ಸಿಲ್ ಚಿತ್ರ, ಹಕ್ಕಿ ನೋಡುವುದು, ಗಿಡಗಳ ಫೋಟೊ ತೆಗೆಯುವುದು ಇಂಥವು. ಮಗು ಕರೆದರೆ, ಕುಕ್ಕರ್ ಕೂಗಿದರೆ ಕೈಯಲ್ಲಿದ್ದದ್ದು ಕೆಡುವುದಿಲ್ಲ. ಒಲೆಯಲ್ಲಿ ಸುಡುವ ಮಣ್ಣಿನ ಕೆಲಸ, ಬಣ್ಣ ಒಣಗುವ ಮುನ್ನ ಮುಗಿಸಬೇಕಾದ ಕೆಲಸಗಳಿಗೆ ಇನ್ನೂ ಸ್ವಲ್ಪ ವರ್ಷ ಕಾಯಬೇಕಾದೀತು.

ನಾನು ಆರಿಸಿಕೊಂಡದ್ದು ಗಿಡಗಳ ಚಿತ್ರ. ಸಂಜೆ ನೀರು ಹಾಕಿದ ಮೇಲೆ ಮಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಒಂದೇ ಬೀನ್ಸ್ ಗಿಡವನ್ನು ದಿನವೂ ಬಿಡಿಸಿದೆ. ಮೊದಲ ಹತ್ತು ಚಿತ್ರಗಳಲ್ಲಿ ಎಲೆ ಎಲೆಯಂತೆ ಇರಲಿಲ್ಲ. ಆದರೆ ಬಿಡಿಸಲು ಕೂತರೆ ಕಣ್ಣು ಎಲೆಯ ಅಡಿಗೂ ಹೋಗುತ್ತದೆ. ಹನ್ನೆರಡನೇ ದಿನ ನರದ ಉದ್ದಕ್ಕೂ ಸಸ್ಯಹೇನಿನ ಪುಟ್ಟ ಗುಂಪು ಕಂಡಿತು. ಬರೀ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆದರೆ ಹೋಗುವಷ್ಟೇ ಇತ್ತು. ಅದಕ್ಕೂ ಮುಂಚಿನ ವರ್ಷ ಅದೇ ಹೇನು ಎಲೆಯೆಲ್ಲ ಮುರುಟಿದ ಮೇಲೆ ಕಂಡಿತ್ತು.

ಹವ್ಯಾಸಕ್ಕೆ ಕೂತರೆ ಮನೆಗೆಲಸ ಬಿಟ್ಟೆನೆಂದು ಮನಸ್ಸು ಚುಚ್ಚುತ್ತದೆ.

ಗೊತ್ತು. ಅದರಲ್ಲೂ ಹೆಂಗಸರಿಗೆ ಈ ಚುಚ್ಚು ಹೆಚ್ಚು. ತೋಟವಾದರೆ ತರಕಾರಿ ಬರುತ್ತದೆಂದು ಸಮಾಧಾನ ಹೇಳಿಕೊಳ್ಳಬಹುದು, ಚಿತ್ರಕ್ಕೆ ಅಂಥ ನೆಪವಿಲ್ಲ. ನೆಪ ಹುಡುಕುವುದನ್ನು ನಿಲ್ಲಿಸಿ ಎಂದಷ್ಟೇ ಹೇಳಬಲ್ಲೆ. ಹೊತ್ತನ್ನು ಗೊತ್ತುಮಾಡಿ ಮನೆಯವರಿಗೆಲ್ಲ ತಿಳಿಸಿ. ಕದ್ದು ಕೂತ ಅರ್ಧ ಗಂಟೆಯಲ್ಲಿ ಮನಸ್ಸೆಲ್ಲ ಬಾಗಿಲ ಕಡೆಗೇ ಇರುತ್ತದೆ, ಹೇಳಿ ಕೂತ ಹದಿನೈದು ನಿಮಿಷದಲ್ಲಿ ಕೈ ಕೆಲಸ ಮಾಡುತ್ತದೆ.

ಹತ್ತು ದಿನ ಊರಿಗೆ ಹೋಗಬೇಕು. ತೋಟದ ಗತಿ?

ಹೊರಡುವ ಹಿಂದಿನ ಸಂಜೆ ಮಡಿಗೆ ಆಳವಾಗಿ ನೀರು ಕೊಡಿ, ಹೊದಿಕೆ ತೆಳುವಾದ ಕಡೆ ತುಂಬಿ. ಬಲಿಯಲು ಬಂದ ಬೀನ್ಸ್, ಸೌತೆ, ಜುಕಿನಿಯನ್ನೆಲ್ಲ ಎಳೆಯದಾಗಿದ್ದರೂ ಕೀಳಿ. ಗಿಡದಲ್ಲೇ ಕಾಯಿ ಬಲಿತು ಬೀಜ ಕಟ್ಟಿದರೆ ಹೊಸ ಹೂ ಬಿಡುವುದು ನಿಧಾನವಾಗುತ್ತದೆ. ಕುಂಡಗಳನ್ನು ನೆರಳಿಗೆ ಸರಿಸಿ ಒತ್ತಾಗಿ ಇಡಿ. ಪಕ್ಕದ ಮನೆಯವರಿಗೆ ‘ಎರಡು ದಿನಕ್ಕೊಮ್ಮೆ ಬಂದು ನೀರು ಹಾಕಿ, ಆದ ಕಾಯಿ ನಿಮಗೇ’ ಎಂದು ಹೇಳಿ. ಕಾಯಿ ತಮ್ಮದೆಂದ ಮೇಲೆ ತಪ್ಪದೆ ಬರುತ್ತಾರೆ. ಊರಿಗೆ ಹೋಗುವ ಹಿಂದಿನ ವಾರ ಹೊಸದಾಗಿ ಏನನ್ನೂ ಬಿತ್ತಬೇಡಿ.

ಮನೆಯಲ್ಲಿ ಕಾಯಿಲೆ ಬಂದು ಮೂರು ವಾರ ತೋಟದ ಕಡೆ ಹೋಗಲಾಗಲಿಲ್ಲ. ಇನ್ನು ಉಳಿದೀತೇ?

ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದ ವಸಂತದಲ್ಲಿ ನನಗೂ ಹೀಗಾಯಿತು. ಬಂದು ನೋಡಿದಾಗ ಮೂಲಂಗಿ ಒಡೆದು ಹೂ ಬಿಟ್ಟಿತ್ತು, ಲೆಟಿಸ್ ಕಹಿಯಾಗಿ ಎದ್ದು ನಿಂತಿತ್ತು, ಹುಲ್ಲು ಬೀನ್ಸನ್ನು ಮುಚ್ಚಿತ್ತು. ಬಾಗಿಲು ಮುಚ್ಚುವ ಹಳೆಯ ಚಾಳಿ ಮತ್ತೆ ಬರುತ್ತಿತ್ತು. ಆ ದಿನ ನಾನು ಮಾಡಿದ್ದು ಇಷ್ಟು: ಮೊದಲು ನೀರು. ಎರಡನೆಯದಾಗಿ ಟೊಮೆಟೊ, ಬೀನ್ಸ್, ಮೆಣಸಿನ ಬುಡದ ಸುತ್ತ ಒಂದು ಗೇಣು ಜಾಗದ ಕಳೆ ಮಾತ್ರ ತೆಗೆದೆ, ಉಳಿದ ಕಡೆ ಮುಟ್ಟಲಿಲ್ಲ. ಮೂರನೆಯದಾಗಿ ಹಾಳಾದ ಮೂಲಂಗಿ, ಲೆಟಿಸ್ ಕಿತ್ತು ಆ ಚೌಕಗಳಿಗೆ ರಟ್ಟು ಹಾಸಿ ಮೇಲೆ ಹುಲ್ಲು ಹೇರಿದೆ. ಅಲ್ಲಿ ಏನನ್ನೂ ಬಿತ್ತಲಿಲ್ಲ, ಬಿತ್ತುವ ಶಕ್ತಿ ಇರಲಿಲ್ಲ. 32ರಲ್ಲಿ 14 ಚೌಕ ಉಳಿದವು. ಆ ಬೇಸಿಗೆಯಲ್ಲಿ ತಾಯಿ ಚೇತರಿಸಿಕೊಂಡು ಹೊರಗೆ ಕೂರುವಂತಾದಾಗ ಆ ಹದಿನಾಲ್ಕು ಚೌಕದ ಪಕ್ಕದಲ್ಲೇ ಕುರ್ಚಿ ಹಾಕಿದೆವು. ಬೀನ್ಸ್ ನಾರು ತೆಗೆಯುವ ಕೆಲಸವನ್ನು ಅವರೇ ಕೇಳಿ ಪಡೆದರು.

ಅಂಗಳವಿಲ್ಲ, ಬಾಲ್ಕನಿ ಮಾತ್ರ ಇದೆ.

ಸಾಕು. ಟೊಮೆಟೊಗೆ ಸುಮಾರು 20 ಲೀಟರಿನ ಕುಂಡ, ಸೊಪ್ಪಿಗೆ 15ರಿಂದ 20 ಸೆಂಟಿಮೀಟರ್ ಆಳದ ತೊಟ್ಟಿ. ತಳದಲ್ಲಿ ತೂತು ಇರಲೇಬೇಕು. ಕುಂಡ ಬೇಗ ಒಣಗುತ್ತದೆ, ಬಿಸಿಲು ದಿನಗಳಲ್ಲಿ ದಿನವೂ ನೀರು ಬೇಕು. ಹತ್ತು ಸಣ್ಣ ಕುಂಡಗಳಿಗಿಂತ ಮೂರು ದೊಡ್ಡ ಕುಂಡ ಸಾಕುವುದು ಸುಲಭ.

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ಹೊತ್ತು ಬೇಡವೇ?

ಬೇಗ ಆಗಬೇಕೆಂದರೆ ಬೇಕು, ನಿಧಾನಕ್ಕೆ ಆಗಲಿ ಎಂದರೆ ಬೇಡ. ತರಕಾರಿ ಸಿಪ್ಪೆ ಒಂದು ಪಾಲು, ಒಣ ಎಲೆ ಅಥವಾ ಹರಿದ ರಟ್ಟು ಎರಡು ಪಾಲು, ಪದರ ಪದರವಾಗಿ ಹಾಕುತ್ತ ಹೋಗಿ. ನಾತ ಬಂದರೆ ಒಣದ್ದು ಸೇರಿಸಿ, ಕದಲದೆ ಒಣಗಿ ಕೂತರೆ ನೀರು ಚಿಮುಕಿಸಿ. ಮಗುಚದೆ ಬಿಟ್ಟರೂ ವರ್ಷದೊಳಗೆ ಕಪ್ಪು ಗೊಬ್ಬರವಾಗುತ್ತದೆ. ಹಸಿ ಸಗಣಿ ಗೊಬ್ಬರವನ್ನು ಮಾತ್ರ ವಸಂತದ ಮಡಿಗೆ ಹಾಕಬೇಡಿ. ಮಣ್ಣಿಗೆ ತಾಗುವ ಸೊಪ್ಪು, ಗಡ್ಡೆಗಳಿಗಾದರೆ ಹಸಿ ಗೊಬ್ಬರ ಹಾಕಿ ಕೊಯ್ಲಿಗೆ ಕನಿಷ್ಠ 120 ದಿನದ ಅಂತರವಿರಬೇಕೆಂದು ಅಮೆರಿಕದ ಸಾವಯವ ನಿಯಮ ಹೇಳುತ್ತದೆ. ಪೂರ್ತಿ ಕಳಿತದ್ದನ್ನೇ ಬಳಸಿ.

ಹೂ ತುಂಬ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ನನ್ನ ಆರೈಕೆಯ ತಪ್ಪೇ?

ಹೆಚ್ಚಾಗಿ ಅಲ್ಲ. ಕುಂಬಳ, ಸೌತೆಯಲ್ಲಿ ಮೊದಲು ಬರುವುದು ಗಂಡು ಹೂಗಳೇ, ಎರಡು ವಾರ ಕಾಯಿರಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇರುತ್ತದೆ. ಜೇನು ಬರದಿದ್ದರೆ ಬೆಳಗ್ಗೆ ಹೂ ಅರಳಿರುವಾಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸವರಿ. ಶಾಲೆಗೆ ಹೊರಡುವ ಮುನ್ನ ಮಕ್ಕಳು ಖುಷಿಯಿಂದ ಮಾಡುವ ಕೆಲಸವಿದು. ಟೊಮೆಟೊ ಹೂ ಉದುರಿದರೆ ರಾತ್ರಿಯ ಬಿಸಿ ನೋಡಿ. 13 ಡಿಗ್ರಿಗಿಂತ ಕೆಳಗೆ ಅಥವಾ 24ಕ್ಕಿಂತ ಮೇಲಿದ್ದರೆ ಕಾಯಿ ಕಟ್ಟುವುದು ಕಷ್ಟ. ಟೊಮೆಟೊದ ತಳ ಕಪ್ಪಾದರೆ ಅದು ನೀರಿನ ಏರುಪೇರು. ಕಾಯಿಗೆ ಕ್ಯಾಲ್ಸಿಯಂ ತಲುಪದೆ ಹಾಗಾಗುತ್ತದೆ. ಔಷಧಿಯ ಬದಲು ಹೊದಿಕೆ ದಪ್ಪ ಮಾಡಿ, ನೀರನ್ನು ಸಮವಾಗಿ ಕೊಡಿ.

ಏನನ್ನಾದರೂ ಬರೆದಿಡಬೇಕೇ?

ಒಂದು ಪುಟ್ಟ ಪುಸ್ತಕ ಸಾಕು. ಬಿತ್ತಿದ ದಿನ, ಮೊದಲು ಕಿತ್ತ ದಿನ, ಮನೆಯವರು ಬೇಗ ಖಾಲಿ ಮಾಡಿದ್ದು ಯಾವುದು, ಯಾರೂ ಮುಟ್ಟದೆ ಉಳಿದದ್ದು ಯಾವುದು. ಅದೇ ಪುಟದಲ್ಲಿ ಆ ವಾರ ಮನೆಯಲ್ಲಿ ಏನಿತ್ತು ಎಂಬುದನ್ನೂ ಬರೆಯಿರಿ: ಪರೀಕ್ಷೆ, ಮದುವೆ, ಜ್ವರ. ಹೋದ ವರ್ಷ ಏಪ್ರಿಲ್ ಮೊದಲ ವಾರ ನನ್ನಿಂದ ಏನೂ ಆಗಲಿಲ್ಲ ಎಂದು ನನ್ನ ಪುಸ್ತಕದಲ್ಲಿದೆ. ಅದಕ್ಕೇ ಈ ವರ್ಷ ಆ ವಾರಕ್ಕೆ ಒಂದು ಸಸಿಯನ್ನೂ ಇಟ್ಟುಕೊಳ್ಳಲಿಲ್ಲ, ಬೀನ್ಸ್ ಬಿತ್ತನೆಯನ್ನು ಹದಿನೈದಕ್ಕೆ ತಳ್ಳಿದೆ. ಪುಸ್ತಕವನ್ನು ಬೀಜದ ಡಬ್ಬಿಯೊಳಗೇ ಇಡಿ. ಮುಂದಿನ ಸಲ ಬೀಜ ತೆಗೆಯಲು ಮುಚ್ಚಳ ತೆರೆದಾಗ ಮೊದಲು ಅದೇ ಕೈಗೆ ಸಿಗಬೇಕು.